ಅಪ್ಪ ಹೌದೋ, ಅಲ್ಲವೋ? ಮೂರು ವರ್ಷ ಕಾದ ಒಂದು ಪ್ರಶ್ನೆಯ ಕಥೆ

ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ? 2015ರ ಜುಲೈಯಿಂದ 2017ರ ಏಪ್ರಿಲ್ ತನಕ ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಓಡಾಡಿತು ಎಂಬುದು ನಿಮಗೆಲ್ಲ ನೆನಪಿರುತ್ತದೆ. ಚಹಾದ ಅಂಗಡಿಯಲ್ಲಿ ಕೂತವರು, ಬಸ್ಸಿಗೆ ಕಾಯುವವರು, ಕಾಲೇಜು ಹುಡುಗರು ಎಲ್ಲರ ಹತ್ತಿರವೂ ಒಂದೊಂದು ಉತ್ತರ ಇತ್ತು. ಸಿನಿಮಾ ನೋಡದವರೂ ಪ್ರಶ್ನೆ ಕೇಳುತ್ತಿದ್ದರು.

ಇಂಥದ್ದೇ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಅಮೆರಿಕದ ಜನ 1980ರಿಂದ 1983ರವರೆಗೆ, ಅಂದರೆ ಪೂರ್ತಿ ಮೂರು ವರ್ಷ, ಜಗಳ ಆಡಿದ್ದರು. ಆಗ ಮೊಬೈಲ್ ಇಲ್ಲ, ವಾಟ್ಸಾಪ್ ಇಲ್ಲ, ಯೂಟ್ಯೂಬ್ ಇಲ್ಲ. ಆದರೂ ಆ ಪ್ರಶ್ನೆ ಮನೆಮನೆಗೆ ತಲುಪಿತ್ತು. 'ಸ್ಟಾರ್ ವಾರ್ಸ್' ಎಂಬ ಬಾಹ್ಯಾಕಾಶದ ಕಥೆಯ ಆ ಪ್ರಶ್ನೆಗೆ ಏನಾಯಿತು, ಮುಂದೆ ಅದೇ ಅಭಿಮಾನಿಗಳ ಊಹೆ ಯಾವ ದಾರಿ ಹಿಡಿಯಿತು ಎಂಬುದನ್ನು ಇಂದು ನೋಡೋಣ. ಇದರಲ್ಲಿ ನಮಗೂ ನಿಮಗೂ ಕಲಿಯುವ ವಿಷಯ ಇದೆ ಎಂದು ನಮಗೆ ಅನ್ನಿಸಿದೆ.

ಪ್ರಶ್ನೆ ಹುಟ್ಟಿದ ಬಗೆ

ಮೊದಲ ಸ್ಟಾರ್ ವಾರ್ಸ್ ಸಿನಿಮಾ ಬಂದದ್ದು 1977ರ ಮೇ 25ರಂದು. ನಿರ್ದೇಶಕ ಜಾರ್ಜ್ ಲೂಕಸ್. ಕಥೆ ಸರಳ. ಮರಳುಗಾಡಿನಂಥ ಗ್ರಹದಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಹೊಲದ ಕೆಲಸ ಮಾಡಿಕೊಂಡಿದ್ದ ಹುಡುಗ ಲ್ಯೂಕ್ ಸ್ಕೈವಾಕರ್. ಅವನ ತಂದೆ ದೊಡ್ಡ ಯೋಧ. ಆ ತಂದೆಯನ್ನು ಡಾರ್ತ್ ವೇಡರ್ ಎಂಬ ಕಪ್ಪು ಮುಖವಾಡದ ದುಷ್ಟ ಕೊಂದ ಎಂದು ಲ್ಯೂಕನಿಗೆ ಹೇಳುವವರು ಓಬಿ-ವಾನ್ ಕೆನೋಬಿ ಎಂಬ ಹಿರಿಯರು. ಒಳ್ಳೆಯವರು. ಸುಳ್ಳು ಹೇಳುವ ಪೈಕಿ ಅಲ್ಲ.

ಎರಡನೆಯ ಸಿನಿಮಾ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಬಂದದ್ದು 1980ರ ಮೇ ತಿಂಗಳಲ್ಲಿ. ಅದರ ಕೊನೆಯ ಭಾಗದಲ್ಲಿ ವೇಡರ್ ಲ್ಯೂಕನ ಕೈ ಕತ್ತರಿಸುತ್ತಾನೆ. ಆಮೇಲೆ, ನಿನ್ನ ತಂದೆ ನಾನೇ ಎನ್ನುತ್ತಾನೆ. ಲ್ಯೂಕ್ ನಂಬುವುದಿಲ್ಲ, ಕೆಳಗೆ ಹಾರುತ್ತಾನೆ. ಅವನ ಗೆಳೆಯ ಹಾನ್ ಸೋಲೊನನ್ನು ಶತ್ರುಗಳು ಕಲ್ಲಿನಂತೆ ಹೆಪ್ಪುಗಟ್ಟಿಸಿ ಹೊತ್ತೊಯ್ದಿರುತ್ತಾರೆ. ಅವನೂ ಸಿಗುವುದಿಲ್ಲ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

ಇದರ ಜೊತೆಗೆ ಇನ್ನೊಂದು ಗಂಟು. ಲ್ಯೂಕ್ ಗುರುವಿನ ಮಾತು ಕೇಳದೆ ಯುದ್ಧಕ್ಕೆ ಹೊರಟಾಗ, ನಮಗಿದ್ದ ಕೊನೆಯ ಆಸೆ ಅವನೊಬ್ಬನೇ ಎಂದು ಓಬಿ-ವಾನ್ ಕೊರಗುತ್ತಾರೆ. ಆಗ ಮುದಿ ಗುರು ಯೋಡಾ, ಅಲ್ಲ, ಇನ್ನೊಬ್ಬರಿದ್ದಾರೆ ಎನ್ನುತ್ತಾರೆ. ಯಾರು? ಹೇಳುವುದಿಲ್ಲ.

ಹೀಗೆ ಮೂರು ಪ್ರಶ್ನೆ ಉಳಿದವು. ವೇಡರ್ ಹೇಳಿದ್ದು ನಿಜವೇ? ಆ ಇನ್ನೊಬ್ಬರು ಯಾರು? ಹಾನ್ ಸೋಲೊ ಬದುಕುತ್ತಾನೆಯೇ? ಉತ್ತರಕ್ಕೆ 1983ರ ಮೇ 25ರ ತನಕ ಕಾಯಬೇಕಿತ್ತು.

ಗುಟ್ಟು ಕಾಯ್ದ ಬಗೆ

ಆ ಗುಟ್ಟು ಹೊರಗೆ ಹೋಗದಂತೆ ನೋಡಿಕೊಂಡ ರೀತಿಯೇ ಒಂದು ಕಥೆ. ಶೂಟಿಂಗ್ ನಡೆದದ್ದು ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ, 1979ರಲ್ಲಿ. ವೇಡರ್ ವೇಷ ಹಾಕಿದ್ದ ನಟ ಡೇವಿಡ್ ಪ್ರೌಸ್ ಅವರಿಗೆ ಕೊಟ್ಟ ಮಾತೇ ಬೇರೆ. ನಿನ್ನ ತಂದೆಯನ್ನು ಕೊಂದದ್ದು ಓಬಿ-ವಾನ್ ಎಂಬ ಸುಳ್ಳು ಸಾಲು ಅದು. ಸೆಟ್ಟಿನಲ್ಲಿ ಇದ್ದವರೆಲ್ಲ ಕೇಳಿದ್ದು ಅದನ್ನೇ. ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್ ಅವರಿಗೆ ಮಾತ್ರ ನಿರ್ದೇಶಕ ಅರ್ವಿನ್ ಕರ್ಶ್ನರ್ ಆ ದೃಶ್ಯ ತೆಗೆಯುವ ಸ್ವಲ್ಪ ಮೊದಲು ನಿಜ ಹೇಳಿದರು.

ವೇಡರ್‌ಗೆ ದನಿ ಕೊಟ್ಟವರು ಜೇಮ್ಸ್ ಅರ್ಲ್ ಜೋನ್ಸ್. ಅಸಲಿ ಮಾತನ್ನು ಆಮೇಲೆ ಅವರ ದನಿಯಲ್ಲಿ ಸೇರಿಸಲಾಯಿತು. ಆ ಸಾಲು ಓದಿದಾಗ ತಮಗೆ ಮೊದಲು ಅನ್ನಿಸಿದ್ದು ಇವನು ಸುಳ್ಳು ಹೇಳುತ್ತಿದ್ದಾನೆ ಎಂದೇ, ಅಂತ ಜೋನ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಮಾತಾಡಿದವರಿಗೇ ನಂಬಿಕೆ ಬರಲಿಲ್ಲ ಎಂದ ಮೇಲೆ ನೋಡಿದವರ ಪಾಡು ಏನು?

ಮೂರನೆಯ ಸಿನಿಮಾಕ್ಕೆ ಇನ್ನೂ ಬಿಗಿ. ಅಮೆರಿಕದ ಮರಳು ದಿಬ್ಬಗಳಲ್ಲೂ ದೊಡ್ಡ ಮರಗಳ ಕಾಡಿನಲ್ಲೂ ಶೂಟಿಂಗ್ ನಡೆದಾಗ 'ಬ್ಲೂ ಹಾರ್ವೆಸ್ಟ್' ಎಂಬ ಹೆಸರಿನ ದೆವ್ವದ ಸಿನಿಮಾ ತೆಗೆಯುತ್ತಿದ್ದೇವೆ ಎಂದು ಹೇಳಿಕೊಂಡರು. ಆ ಹೆಸರಿನ ಟೋಪಿ, ಟೀ ಶರ್ಟುಗಳನ್ನೂ ಮಾಡಿಸಿದ್ದರು.

ಕಾದವರು ಕಟ್ಟಿದ ಕಥೆಗಳು

ಈಗ ಜನರ ಕಡೆ ಬರೋಣ. ಇಂದು ನಮಗೆ ಅನುಮಾನ ಬಂದರೆ ಮೊಬೈಲಿನಲ್ಲಿ ಆ ದೃಶ್ಯವನ್ನು ಹತ್ತು ಸಲ ತಿರುಗಿಸಿ ನೋಡಬಹುದು. ಆಗ ಹಾಗಿಲ್ಲ. ಮೊದಲ ಸಿನಿಮಾದ ವಿಡಿಯೊ ಕ್ಯಾಸೆಟ್ ಬಂದದ್ದೇ 1982ರಲ್ಲಿ, ಎರಡನೆಯದರದು 1984ರಲ್ಲಿ. ಅಂದರೆ ಪ್ರಶ್ನೆ ಬಿಸಿಯಾಗಿದ್ದ ಮೂರೂ ವರ್ಷ ಎರಡನೆಯ ಸಿನಿಮಾ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮತ್ತೆ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕು. ಇಲ್ಲದಿದ್ದರೆ ನೆನಪೇ ಗತಿ. ಯೋಡಾ ಏನಂದರು, ವೇಡರ್ ಏನಂದ ಎಂಬುದರ ಮೇಲೆಯೇ ವಾದ ಆಗುತ್ತಿತ್ತು.

ವಾದಕ್ಕೆ ಎರಡು ಪಕ್ಷ. ವೇಡರ್ ಸುಳ್ಳು ಹೇಳಿದ ಎನ್ನುವವರ ಲೆಕ್ಕ ಹೀಗೆ: ಅವನು ದುಷ್ಟ. ಲ್ಯೂಕನನ್ನು ತನ್ನ ಕಡೆ ಎಳೆಯಬೇಕು. ಅದಕ್ಕೆ ಏನು ಬೇಕಾದರೂ ಹೇಳುತ್ತಾನೆ. ಓಬಿ-ವಾನ್ ಒಳ್ಳೆಯವರು, ಅವರ ಮಾತೇ ನಿಜ.

ನಿಜ ಹೇಳಿದ ಎನ್ನುವವರೂ ಸುಮ್ಮನಿರಲಿಲ್ಲ. ಮೊದಲ ಸಿನಿಮಾದಲ್ಲಿ, ಹುಡುಗನಲ್ಲಿ ಅಪ್ಪನ ಗುಣ ಬಹಳ ಇದೆ ಎಂದು ಚಿಕ್ಕಮ್ಮ ಹೇಳಿದಾಗ, ತನ್ನ ಭಯವೂ ಅದೇ ಎಂದು ಚಿಕ್ಕಪ್ಪ ಅನ್ನುತ್ತಾನೆ. ಅಪ್ಪ ಬರೀ ಒಳ್ಳೆಯ ಯೋಧನಾಗಿದ್ದರೆ ಭಯ ಯಾಕೆ? ಎರಡನೆಯ ಸಿನಿಮಾದ ಗುಹೆಯಲ್ಲಿ ಲ್ಯೂಕನಿಗೆ ವೇಡರ್ ಕಂಡು, ಅವನ ತಲೆ ಕಡಿದಾಗ ಮುಖವಾಡದ ಒಳಗೆ ಕಾಣುವುದು ಲ್ಯೂಕನದೇ ಮುಖ. ಇದಕ್ಕೆ ಏನರ್ಥ?

ಆ ಇನ್ನೊಬ್ಬರು ಯಾರು ಎಂಬುದಕ್ಕೂ ಹೆಸರುಗಳು ಬಂದವು. ರಾಜಕುಮಾರಿ ಲಿಯಾ ಎಂದರು ಕೆಲವರು. ಲ್ಯೂಕ್ ಕೊನೆಯಲ್ಲಿ ನೇತಾಡುತ್ತ ಮನಸ್ಸಿನಲ್ಲೇ ಕೂಗಿದ್ದು ದೂರದ ವಿಮಾನದಲ್ಲಿದ್ದ ಅವಳಿಗೆ ಕೇಳಿಸಿತಲ್ಲ, ಅದೇ ಅವರಿಗೆ ಸಾಕ್ಷಿ. ಹಾನ್ ಸೋಲೊ ಎಂದರು ಇನ್ನು ಕೆಲವರು. ತೆರೆಯ ಮೇಲೆ ಇನ್ನೂ ಬಾರದ ಯಾರೋ ಎಂದರು ಮತ್ತೆ ಕೆಲವರು.

ಅಭಿಮಾನಿಗಳು ತಾವೇ ಟೈಪ್ ಮಾಡಿ, ನಕಲು ತೆಗೆದು, ಅಂಚೆಯಲ್ಲಿ ಹಂಚುತ್ತಿದ್ದ ಸಣ್ಣ ಪತ್ರಿಕೆಗಳಿದ್ದವು. ಸಿನಿಮಾ ಕಂಪನಿಯ ಅಭಿಮಾನಿ ಸಂಘಕ್ಕೆ 'ಬಾಂತಾ ಟ್ರ್ಯಾಕ್ಸ್' ಎಂಬ ಪತ್ರಿಕೆ ಇತ್ತು. 'ಸ್ಟಾರ್‌ಲಾಗ್' ಎಂಬ ಮಾಸಪತ್ರಿಕೆ ಅಂಗಡಿಗಳಲ್ಲಿ ಸಿಗುತ್ತಿತ್ತು. ಮಾರ್ವೆಲ್ ಕಂಪನಿ ತಿಂಗಳು ತಿಂಗಳೂ ಚಿತ್ರಕಥೆ ತರುತ್ತ, ಹಾನ್ ಸೋಲೊನನ್ನು ಹುಡುಕುವ ಕಥೆಯನ್ನು ಎಳೆದುಕೊಂಡು ಹೋಯಿತು. ನಮ್ಮಲ್ಲಿ ಧಾರಾವಾಹಿ ಎಳೆಯುತ್ತಾರಲ್ಲ, ಹಾಗೆ.

ಸಿನಿಮಾದ ಹೆಸರಿನ ಮೇಲೂ ಚರ್ಚೆ. ಮೊದಲು 'ರಿವೆಂಜ್ ಆಫ್ ದಿ ಜೆಡೈ', ಅಂದರೆ ಜೆಡೈ ಯೋಧನ ಸೇಡು ಎಂದು ಪೋಸ್ಟರ್ ಕೂಡ ಅಚ್ಚಾಯಿತು. ಆಮೇಲೆ ಸೇಡು ಹೋಗಿ 'ರಿಟರ್ನ್' ಎಂದಾಯಿತು. ಜೆಡೈ ಯೋಧರು ಸೇಡು ತೀರಿಸಿಕೊಳ್ಳುವವರಲ್ಲ ಎಂಬುದು ಕೊಟ್ಟ ಕಾರಣ. ಹಳೆಯ ಹೆಸರಿನ ಪೋಸ್ಟರಿಗೆ ಇಂದೂ ಸಂಗ್ರಹಕಾರರಲ್ಲಿ ಬೆಲೆ ಇದೆ.

ಉತ್ತರ ಬಂತು

1983ರಲ್ಲಿ ಸಿನಿಮಾ ಬಂತು. ವೇಡರ್ ಲ್ಯೂಕನ ತಂದೆ ಹೌದು. ಇನ್ನೊಬ್ಬರು ಲಿಯಾ, ಲ್ಯೂಕನ ಅವಳಿ ತಂಗಿ. ಹಾನ್ ಬದುಕಿ ಬಂದ. ಸಾಯುವ ಮೊದಲು ಯೋಡಾ ಬಾಯಿಂದಲೇ ತಂದೆಯ ವಿಷಯ ಖಚಿತವಾಗಿ ಹೇಳಿಸಿದರು. ಇಲ್ಲದಿದ್ದರೆ ಮಕ್ಕಳು ನಂಬುವುದೇ ಇಲ್ಲ ಎಂಬ ಯೋಚನೆ ಲೂಕಸ್ ಅವರಿಗಿತ್ತು.

ಹಾಗಾದರೆ ಓಬಿ-ವಾನ್ ಸುಳ್ಳು ಹೇಳಿದರೇ? ನಾನು ಹೇಳಿದ್ದು ಒಂದು ದೃಷ್ಟಿಯಿಂದ ನಿಜವೇ ಎಂದು ಅವರು ಸಮಜಾಯಿಷಿ ಕೊಡುತ್ತಾರೆ. ಈ ಮಾತಿಗೆ ಸಮಾಧಾನ ಆಗದವರು ಇಂದಿಗೂ ಇದ್ದಾರೆ. ಆದರೆ ಸೋತ ಪಕ್ಷದವರು ಸೋಲೊಪ್ಪಿಕೊಂಡು ಸಿನಿಮಾ ನೋಡಿದರು.

ಬರೆದವರಿಗೂ ಗೊತ್ತಿರಲಿಲ್ಲ

ಇಲ್ಲಿ ಒಂದು ವಿಷಯ ಗಮನಿಸಿ. ಜನ ಹುಡುಕುತ್ತಿದ್ದ ಸುಳಿವುಗಳಲ್ಲಿ ಎಷ್ಟೋ ಸುಳಿವುಗಳೇ ಅಲ್ಲ. ಡಚ್ ಭಾಷೆಯಲ್ಲಿ 'ವೇಡರ್' ಎಂದು ಬರೆಯುವ ಪದಕ್ಕೆ ತಂದೆ ಎಂದೇ ಅರ್ಥ. ನೋಡಿ, ಮೊದಲೇ ಹೆಸರಿನಲ್ಲೇ ಇಟ್ಟಿದ್ದರು ಎಂದು ಹೇಳುವವರು ಬಹಳ. ಆದರೆ 1974ರ ಕರಡಿನಲ್ಲಿ ಡಾರ್ತ್ ವೇಡರ್ ಎಂಬುದು ಒಬ್ಬ ಸೇನಾಧಿಕಾರಿಯ ಹೆಸರು ಮಾತ್ರ.

ಎರಡನೆಯ ಸಿನಿಮಾದ ಮೊದಲ ಕರಡು ಬರೆದವರು ಲೀ ಬ್ರ್ಯಾಕೆಟ್ ಎಂಬ ಹಿರಿಯ ಲೇಖಕಿ. ಅದರಲ್ಲಿ ಲ್ಯೂಕನ ತಂದೆ ಬೇರೆಯೇ, ಸತ್ತ ಆತ್ಮವಾಗಿ ಬಂದು ಮಗನ ಜೊತೆ ಮಾತಾಡುತ್ತಾನೆ. ಲ್ಯೂಕನಿಗೆ ತಂಗಿ ಇದ್ದಾಳೆ, ಆದರೆ ಅವಳು ಲಿಯಾ ಅಲ್ಲ, ಹೆಸರು ನೆಲಿತ್. ಬ್ರ್ಯಾಕೆಟ್ 1978ರ ಮಾರ್ಚಿನಲ್ಲಿ ತೀರಿಕೊಂಡರು. ಆಮೇಲೆ ಲೂಕಸ್ ತಾವೇ ಬರೆಯಲು ಕೂತಾಗ ತಂದೆಯೇ ವೇಡರ್ ಎಂಬ ತಿರುವು ಬಂತು. ಲಿಯಾ ತಂಗಿ ಎಂಬುದು ಇನ್ನೂ ತಡವಾಗಿ, ಮೂರನೆಯ ಸಿನಿಮಾ ಬರೆಯುವಾಗ ಆದ ತೀರ್ಮಾನ. ಎರಡನೆಯ ಸಿನಿಮಾದಲ್ಲಿ ಲಿಯಾ ಲ್ಯೂಕನಿಗೆ ಮುತ್ತು ಕೊಡುವುದು ಅದಕ್ಕೇ.

ಅಂದರೆ ಜನ ಉತ್ತರ ಹುಡುಕುತ್ತಿದ್ದಾಗ ಉತ್ತರ ಎಲ್ಲೂ ಬಚ್ಚಿಟ್ಟಿರಲಿಲ್ಲ. ಅದು ಇನ್ನೂ ತಯಾರಾಗುತ್ತಿತ್ತು.

ಊಹೆ ಹಟವಾದಾಗ

ಈಗ 35 ವರ್ಷ ಮುಂದೆ ಬನ್ನಿ. 2012ರಲ್ಲಿ ಡಿಸ್ನಿ ಕಂಪನಿ ಲೂಕಸ್ ಅವರ ಕಂಪನಿಯನ್ನು 400 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. 2015ರ ಡಿಸೆಂಬರಿನಲ್ಲಿ ಹೊಸ ಸಿನಿಮಾ. ನಾಯಕಿ ರೇ, ಅಪ್ಪ ಅಮ್ಮ ಬಿಟ್ಟುಹೋದ ಅನಾಥೆ. ಮತ್ತೆ ಅದೇ ಪ್ರಶ್ನೆ: ಇವಳ ಅಪ್ಪ ಯಾರು? ಲ್ಯೂಕನೇ? ಓಬಿ-ವಾನ್ ವಂಶವೇ? ಎರಡು ವರ್ಷ ಲಕ್ಷಾಂತರ ಜನ ಲೆಕ್ಕ ಹಾಕಿದರು.

2017ರ 'ದಿ ಲಾಸ್ಟ್ ಜೆಡೈ' ಸಿನಿಮಾದಲ್ಲಿ ಖಳನಾಯಕನೇ ಅವಳಿಗೆ ಉತ್ತರ ಹೇಳುತ್ತಾನೆ. ನಿನ್ನ ಹೆತ್ತವರು ಯಾರೂ ಅಲ್ಲ, ಗುಜರಿ ಮಾರುವವರು, ಕುಡಿಯಲು ದುಡ್ಡಿಗಾಗಿ ನಿನ್ನನ್ನು ಮಾರಿದರು ಎಂದು. 1980ರಂತೆಯೇ ಅರ್ಧ ಜನ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದರು. 2019ರ ಮುಂದಿನ ಸಿನಿಮಾ ಬೇರೆಯದೇ ಹೇಳಿತು. ರೇ ಹಳೆಯ ದುಷ್ಟ ಚಕ್ರವರ್ತಿಯ ಮೊಮ್ಮಗಳು ಎಂದಿತು. ಈ ವಿಷಯದ ತೀರ್ಮಾನ ಮಧ್ಯೆ ಮಧ್ಯೆ ಬದಲಾಗುತ್ತ ಬಂದಿತ್ತು ಎಂದು ರೇ ಪಾತ್ರದ ನಟಿ ಡೈಸಿ ರಿಡ್ಲಿ ಆಮೇಲೆ ಹೇಳಿದರು. ಇಲ್ಲೂ ಅಷ್ಟೇ, ಬರೆದವರಿಗೇ ಗೊತ್ತಿರಲಿಲ್ಲ.

ಆದರೆ ಒಂದು ವ್ಯತ್ಯಾಸ ಇತ್ತು. ಈ ಸಲ ಸೋತವರೆಲ್ಲ ಸೋಲೊಪ್ಪಲಿಲ್ಲ. ತಮ್ಮ ಊಹೆಯೇ ನಿಜವಾದ ಕಥೆ, ತೆರೆಯ ಮೇಲೆ ಬಂದದ್ದು ಮೋಸ ಎಂದು ಸಿಟ್ಟಾದವರು ಇದ್ದರು. 2017ರ ಸಿನಿಮಾದಲ್ಲಿ ರೋಸ್ ಎಂಬ ಮೆಕ್ಯಾನಿಕ್ ಹುಡುಗಿಯ ಪಾತ್ರ ಮಾಡಿದವರು ಕೆಲ್ಲಿ ಮೇರಿ ಟ್ರ್ಯಾನ್. ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರ ಮಗಳು. ಕಥೆ ಬರೆದವರು ಅವರಲ್ಲ, ತೀರ್ಮಾನ ಮಾಡಿದವರೂ ಅವರಲ್ಲ. ಆದರೂ ಅವರ ಜನಾಂಗದ ಬಗ್ಗೆ, ಮೈಕಟ್ಟಿನ ಬಗ್ಗೆ ತಿಂಗಳುಗಟ್ಟಲೆ ಹೊಲಸು ಮಾತು ಬರೆದರು. 2018ರ ಜೂನಿನಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನೆಲ್ಲ ಅಳಿಸಿದರು. ಆಗಸ್ಟಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಲೇಖನ ಬರೆದು, ಆ ಮಾತುಗಳನ್ನು ತಾವೇ ನಂಬತೊಡಗಿದ್ದೆ ಎಂದು ಹೇಳಿಕೊಂಡರು. ಮುಂದಿನ ಸಿನಿಮಾದಲ್ಲಿ ಅವರ ಪಾತ್ರ ತೀರಾ ಸಣ್ಣದಾಯಿತು.

ನಾವು ಕಲಿಯಬೇಕಾದದ್ದು

ನಾವು ಸುದ್ದಿ ಬರೆಯುವವರು. 'ಎನ್ನಲಾಗಿದೆ' ಎಂಬ ಪದ ನಮ್ಮ ಕೈಯಲ್ಲಿ ದಿನವೂ ಇರುತ್ತದೆ. ಖಚಿತ ಆಗದ್ದನ್ನು ಖಚಿತ ಆಗಿಲ್ಲ ಎಂದೇ ಹೇಳುವುದಕ್ಕೆ ಇರುವ ಪದ ಅದು. ಆ ಪದ ಬಿಟ್ಟುಹೋದ ಸುದ್ದಿಯಿಂದ ಊರಲ್ಲಿ ಏನೇನು ಆಗುತ್ತದೆ ಎಂಬುದನ್ನು ನಾವೂ ನೋಡಿದ್ದೇವೆ, ನೀವೂ ನೋಡಿದ್ದೀರಿ.

1980ರ ಅಭಿಮಾನಿ ಪತ್ರ ಬರೆದು ಅಂಚೆಗೆ ಹಾಕಿ ವಾರಗಟ್ಟಲೆ ಉತ್ತರಕ್ಕೆ ಕಾಯುತ್ತಿದ್ದ. ಆ ಹೊತ್ತಿಗೆ ಅವನ ಸಿಟ್ಟು ಇಳಿದಿರುತ್ತಿತ್ತು. ಅವನ ಊಹೆ ಒಂದು ನಟಿಯ ಮನೆಯೊಳಗೆ ರಾತ್ರಿ ಹನ್ನೆರಡಕ್ಕೆ ಹೋಗಿ ಬಾಗಿಲು ಬಡಿಯುತ್ತಿರಲಿಲ್ಲ. ಇಂದು ಬಡಿಯುತ್ತದೆ.

ಊಹೆ ಮಾಡುವುದು ತಪ್ಪಲ್ಲ. ಮೂರು ವರ್ಷ ಒಂದು ಕಥೆಯನ್ನು ಎದೆಯಲ್ಲಿಟ್ಟುಕೊಂಡು ಕಾಯುವುದು ಪ್ರೀತಿ ಇದ್ದವರಿಗೆ ಮಾತ್ರ ಸಾಧ್ಯ. ಯಾವುದೇ ಸಿನಿಮಾದ ಮುಂದಿನ ಭಾಗ ಘೋಷಣೆಯಾದರೆ ನಾವೂ ನೀವೂ ಮತ್ತೆ ಲೆಕ್ಕ ಹಾಕುತ್ತೇವೆ. ಹಾಕೋಣ. ಹೇಳುವಾಗ 'ನನ್ನ ಲೆಕ್ಕದಲ್ಲಿ' ಎಂದು ಸೇರಿಸಿಯೇ ಹೇಳೋಣ. ಲೆಕ್ಕ ತಪ್ಪಿದರೆ ನಕ್ಕು, ಟಿಕೆಟ್ ತೆಗೆದುಕೊಂಡು ಒಳಗೆ ಹೋಗೋಣ.