ಶತ್ರುವಿನ ಸಾಕ್ಷ್ಯದಿಂದ ದೊರೆತ ಮಹಾವೀರ ಚಕ್ರ

ಕ್ರಿ.ಶ. 1563ರಲ್ಲಿ ಟ್ರೆಂಟ್ ಮಹಾಸಭೆಯು ಜ್ಞಾನಸ್ನಾನ ಹಾಗೂ ವಿವಾಹಗಳ ಪುಸ್ತಕಗಳನ್ನು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇಡತಕ್ಕದ್ದೆಂದು ವಿಧಿಸಿತು. ಅಂದಿನಿಂದ ಇಂದಿನವರೆಗೆ ಧರ್ಮಸಭೆಯು ತನ್ನ ಮಕ್ಕಳ ಹೆಸರುಗಳನ್ನು ಬರೆದಿಡುತ್ತ ಬಂದಿದೆ. ಈ ಪುಸ್ತಕಗಳನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿ ಅಂಚನ್ನು ಬಿಟ್ಟಿರುತ್ತಾರೆ. ಮುಂದೆ ದೊರೆತ ದೃಢೀಕರಣ, ವಿವಾಹ ಅಥವಾ ಗುರುದೀಕ್ಷೆಯನ್ನು ಆ ಅಂಚಿನಲ್ಲಿ ಸೇರಿಸುತ್ತಾರೆ. ಮೊದಲು ಬರೆದುದೇ ಕೊನೆಯ ಮಾತಲ್ಲ. ಸತ್ಯವು ತಿಳಿದುಬಂದಾಗ ಅದಕ್ಕೆ ಸ್ಥಳವಿರಬೇಕು ಎಂಬ ವಿವೇಕವು ಆ ಅಂಚಿನಲ್ಲಿ ಅಡಗಿದೆ.

ಶತಮಾನೋತ್ಸವದ ಈ ಸಂದರ್ಭದಲ್ಲಿ ಗತಿಸಿದವರನ್ನು ಸ್ಮರಿಸುವಾಗ ಇನ್ನೊಂದು ಬಗೆಯ ಪುಸ್ತಕವನ್ನೂ ನೆನೆಯುವುದು ಉಚಿತವೆಂದು ತೋರುತ್ತದೆ. ಅದು ಸೈನಿಕರ ಸೇವಾ ದಾಖಲೆ. ಒಬ್ಬ ಯೋಧನು ಎಲ್ಲಿ ಸೇವೆ ಸಲ್ಲಿಸಿದನು, ಯಾವ ರಣರಂಗವನ್ನು ಕಂಡನು, ಯಾವ ಪದಕಗಳಿಗೆ ಅರ್ಹನಾದನು ಎಂಬುದೆಲ್ಲ ಅದರಲ್ಲಿ ಇರಬೇಕು. ಆದರೆ ಅದನ್ನು ಬರೆಯುವವರೂ ಮನುಷ್ಯರೇ. ತಪ್ಪುವುದು, ಬಿಟ್ಟುಹೋಗುವುದು, ತಿಳಿಯದೆ ಉಳಿಯುವುದು ಅಲ್ಲಿಯೂ ಉಂಟು. ಯೋಧನು ಮಡಿದ ಮೇಲೆ ತನ್ನ ಪರವಾಗಿ ತಾನು ಮಾತನಾಡಲಾರನು. ಆಗ ಅವನ ದಾಖಲೆಯನ್ನು ತಿದ್ದಿಸುವ ಭಾರವು ಬದುಕಿದ್ದವರ ಮೇಲೆ ಬೀಳುತ್ತದೆ. ನಮ್ಮ ನಾಡಿನ ವೀರನೊಬ್ಬನ ವಿಷಯದಲ್ಲಿ ಈ ಕಾರ್ಯಕ್ಕೆ 23 ವರ್ಷಗಳು ಹಿಡಿದವು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾದರು. ಕಿರಿಯ ವೈಮಾನಿಕರಿಗೆ ಹಾರಾಟವನ್ನು ಕಲಿಸಿದ ಶಿಕ್ಷಕರೆಂದೂ ಹೆಸರಾಗಿದ್ದರು. 1965ರ ಯುದ್ಧದ ವೇಳೆಗೆ ಅವರು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿನಲ್ಲಿದ್ದರು. ಆ ತಂಡದ ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರು. ತಂಡದ ಬಳಿಯಿದ್ದ ವಿಮಾನಗಳು ಫ್ರಾನ್ಸ್ ದೇಶದಲ್ಲಿ ತಯಾರಾದ ಮಿಸ್ಟೇರ್ ಯುದ್ಧವಿಮಾನಗಳು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಆದಂಪುರ ಮತ್ತು ಹಲ್ವಾರಾ ನೆಲೆಗಳ ಮೇಲೆ ಎರಗಿದವು. ಇದಕ್ಕೆ ಉತ್ತರವಾಗಿ ಮರುದಿನ ಬೆಳಗಿನ ಜಾವದಲ್ಲಿ ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ಮಾಡುವ ಹೊಣೆಯು ಒಂದನೆಯ ಸ್ಕ್ವಾಡ್ರನ್ನಿಗೆ ಬಂದಿತು. ಗುರಿಯು ಗಡಿಯಿಂದ ಬಹುದೂರ ಒಳಗಿದ್ದು, ಹೋಗಿ ಹಿಂದಿರುಗಲು ಮಾತ್ರ ಇಂಧನವು ಸಾಲುವಂತಿತ್ತು. ಹನ್ನೆರಡು ವಿಮಾನಗಳು ಹೋಗುವುದೆಂದು ನಿರ್ಧಾರವಾಯಿತು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಅವರ ಸ್ಥಾನವನ್ನು ತುಂಬಲೆಂದು ಅವರನ್ನು ಕಾದಿರಿಸಲಾಗಿತ್ತು. ಒಂದು ವಿಮಾನವು ಹಿಂದುಳಿಯಲಾಗಿ ಅವರು ಮುಂದೆ ಸಾಗಿ ದಾಳಿಯಲ್ಲಿ ಸೇರಿಕೊಂಡರು.

ದಾಳಿ ಮುಗಿಸಿ ತಂಡವು ಮರಳುತ್ತಿದ್ದಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ವೈಮಾನಿಕನು ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿ ಬಂದನು. ಅಮೆರಿಕದಲ್ಲಿ ತಯಾರಾದ ಈ ವಿಮಾನವು ಶಬ್ದದ ವೇಗಕ್ಕೆ ಎರಡು ಪಟ್ಟು ವೇಗವಾಗಿ ಹಾರಬಲ್ಲದ್ದು. ಮಿಸ್ಟೇರ್ ಸಮತಲದಲ್ಲಿ ಹಾರುವಾಗ ಶಬ್ದದ ವೇಗವನ್ನು ದಾಟದು. ಸ್ಟಾರ್‌ಫೈಟರ್ ಹಾರಿಸಿದ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಾಕಿದವು. ಅದು ಉರುಳಿತೆಂದೇ ಶತ್ರುವು ಭಾವಿಸಿದನು. ಆದರೆ ಗಾಯಗೊಂಡ ಆ ವಿಮಾನವು ಹಿಂದಿರುಗಿ ಹೋರಾಟಕ್ಕೆ ನಿಂತಿತು. ನೆಲಕ್ಕೆ ಸಮೀಪದಲ್ಲಿ ನಡೆದ ಆ ಸೆಣಸಾಟದಲ್ಲಿ ದೇವಯ್ಯನವರ ಗುಂಡುಗಳು ಸ್ಟಾರ್‌ಫೈಟರನ್ನು ಹೊಡೆದವು. ಹುಸೇನನು ಪ್ಯಾರಾಚೂಟಿನ ನೆರವಿನಿಂದ ಕೆಳಗಿಳಿದು ಬದುಕಿದನು. ದೇವಯ್ಯನವರು ಮರಳಲಿಲ್ಲ.

ಇದೆಲ್ಲವನ್ನೂ ನಾವು ಇಂದು ಬಲ್ಲೆವು. ಅಂದು ಆದಂಪುರದಲ್ಲಿ ಯಾರೂ ಬಲ್ಲವರಿರಲಿಲ್ಲ. ಜೊತೆಯ ವಿಮಾನಗಳು ಅದಾಗಲೇ ಮುಂದೆ ಸಾಗಿದ್ದವು. ಆ ಕಾಳಗವನ್ನು ಕಂಡ ಭಾರತೀಯನು ಒಬ್ಬನೂ ಇರಲಿಲ್ಲ. ಆದಕಾರಣ ದೇವಯ್ಯನವರ ಹೆಸರಿನ ಮುಂದೆ ಬರೆಯಲಾದುದು ‘ಕಾಣೆಯಾದವರು’ ಎಂಬುದಷ್ಟೇ. ಕಾಲಕ್ರಮದಲ್ಲಿ ಅವರು ಮಡಿದರೆಂದು ಭಾವಿಸಲಾಯಿತು. ಶೌರ್ಯಪದಕದ ಮಾತೇ ಬರಲಿಲ್ಲ. ಇದರಲ್ಲಿ ಯಾರ ದುರುದ್ದೇಶವನ್ನೂ ಕಾಣಲಾಗದು. ಶೌರ್ಯಕ್ಕೆ ಪದಕವನ್ನು ಕೊಡಬೇಕಾದರೆ ಕಣ್ಣಾರೆ ಕಂಡವರ ಸಾಕ್ಷ್ಯ ಬೇಕು, ಮೇಲಧಿಕಾರಿಯ ಶಿಫಾರಸು ಬೇಕು. ಏಕಾಂಗಿಯಾಗಿ ಹೋರಾಡಿ ಮಡಿದವನಿಗೆ ಇವೆರಡೂ ಎಲ್ಲಿಂದ ಬರಬೇಕು?

ಸಾಕ್ಷ್ಯವು ಬಂದುದು ಯಾರೂ ನಿರೀಕ್ಷಿಸದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಪಡೆಯ ನೆರವು ಪಡೆದು 1965ರ ವಾಯುಯುದ್ಧವನ್ನು ಕುರಿತು ಬರೆದ ಗ್ರಂಥವು 1979ರಲ್ಲಿ ಪ್ರಕಟವಾಯಿತು. ಅದು ಭಾರತದ ಪಕ್ಷವನ್ನು ವಹಿಸಿ ಬರೆದ ಪುಸ್ತಕವಲ್ಲ. ಅದರ ಒಲವು ಪಾಕಿಸ್ತಾನದ ಕಡೆಗೇ ಇತ್ತು. ಆದರೂ ಸೆಪ್ಟೆಂಬರ್ 7ರ ಬೆಳಗಿನಲ್ಲಿ ಒಂದು ಸ್ಟಾರ್‌ಫೈಟರ್ ವಿಮಾನವು ಮಿಸ್ಟೇರ್ ವಿಮಾನದೊಡನೆ ಕಾದಾಡಿ ಉರುಳಿತೆಂಬ ಸಂಗತಿಯನ್ನು ಅದು ಮರೆಮಾಚಲಿಲ್ಲ. ಅದನ್ನು ಉರುಳಿಸಿದ ಭಾರತೀಯನು ಯಾರೆಂಬುದನ್ನು ನಿರ್ಣಯಿಸುವುದು ಕಷ್ಟವಾಗಲಿಲ್ಲ. ಆ ದಾಳಿಯಿಂದ ಮರಳಿದ ವೈಮಾನಿಕರಲ್ಲಿ ಯಾರೂ ಸ್ಟಾರ್‌ಫೈಟರನ್ನು ಹೊಡೆದೆನೆಂದು ಹೇಳಿರಲಿಲ್ಲ. ಮರಳಿ ಬಾರದಿದ್ದವರು ಒಬ್ಬರೇ. ಆದುದರಿಂದ ಆ ವೀರನು ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ.

ಆದರೆ ಪುಸ್ತಕವು ತಾನಾಗಿ ದಾಖಲೆಯನ್ನು ತಿದ್ದದು. ಅದನ್ನು ಓದಿ, ಅರ್ಥವನ್ನು ಗ್ರಹಿಸಿ, ಸರ್ಕಾರದ ಬಾಗಿಲನ್ನು ತಟ್ಟುವವರು ಬೇಕು. ಅಂದಿನ ತಂಡದ ನಾಯಕರಾಗಿದ್ದ ತನೇಜಾ ಅವರು ಈ ಕಾರ್ಯಕ್ಕೆ ಮುಂದಾದರು. ತಮ್ಮ ಕೈಕೆಳಗೆ ಹೋರಾಡಿ ಮಡಿದ ಅಧಿಕಾರಿಗೆ ಸಲ್ಲಬೇಕಾದುದು ಸಲ್ಲಲೇಬೇಕೆಂದು ಅವರು ಆಗ್ರಹಿಸಿದರು. ಅಂತೂ 1988ರಲ್ಲಿ ಭಾರತ ಸರ್ಕಾರವು ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಕೊಡುವ ಪದಕಗಳಲ್ಲಿ ಇದು ಪರಮವೀರ ಚಕ್ರದ ನಂತರದ ಸ್ಥಾನದಲ್ಲಿದೆ. ಅವರ ಪತ್ನಿಯವರು ಅದನ್ನು ಸ್ವೀಕರಿಸಿದರು. ಇಂದು ಮಡಿಕೇರಿಯಲ್ಲಿ ದೇವಯ್ಯನವರ ಪ್ರತಿಮೆಯಿದೆ, ಅವರ ಹೆಸರಿನ ವೃತ್ತವಿದೆ.

ಇಲ್ಲಿ ಓದುಗರು ಕೇಳಬಹುದು: 23 ವರ್ಷಗಳ ನಂತರ ದೊರೆತ ಒಂದು ಲೋಹದ ಬಿಲ್ಲೆಯಿಂದ ಸತ್ತವನಿಗೆ ಏನು ಪ್ರಯೋಜನ? ಸತ್ತವನಿಗೆ ಪ್ರಯೋಜನವಿಲ್ಲದಿರಬಹುದು. ಆದರೆ ‘ಕಾಣೆಯಾದನು’ ಎಂಬ ಮಾತಿಗೂ ‘ಹೋರಾಡಿ ಮಡಿದನು’ ಎಂಬ ಮಾತಿಗೂ ಇರುವ ಅಂತರವನ್ನು ಆ ಮನೆಯವರು ಬಲ್ಲರು. ಮೊದಲನೆಯದು ಪ್ರಶ್ನೆಯಾಗಿಯೇ ಉಳಿಯುತ್ತದೆ; ಎರಡನೆಯದು ಉತ್ತರ. ತಂದೆಯು, ಪತಿಯು ಹೇಗೆ ಕೊನೆಯುಸಿರೆಳೆದನೆಂದು ತಿಳಿಯುವುದು ಆ ಕುಟುಂಬದ ಹಕ್ಕಷ್ಟೆ.

ನಮ್ಮ ಧರ್ಮಸಭೆಯ ಇತಿಹಾಸದಲ್ಲಿಯೂ ಇಂತಹ ಒಂದು ಪ್ರಸಂಗವಿದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಸ್ವಾಮಿ ಎಮಿಲ್ ಕಪೌನ್ ಅವರು ಕೊರಿಯಾ ಯುದ್ಧದಲ್ಲಿ ಸೈನಿಕರ ಗುರುಗಳಾಗಿದ್ದರು. 1950ರ ನವೆಂಬರ್ 2ರಂದು, ಸಕಲ ಮೃತರನ್ನು ಸ್ಮರಿಸುವ ದಿನದಂದೇ, ಗಾಯಾಳುಗಳನ್ನು ಬಿಟ್ಟು ಹೋಗಲೊಪ್ಪದೆ ಉನ್ಸಾನ್ ಎಂಬಲ್ಲಿ ಅವರು ಸೆರೆಯಾದರು. ಸೆರೆಶಿಬಿರದಲ್ಲಿ ಹಸಿದವರಿಗೆ ಆಹಾರವನ್ನು ಹೊಂಚಿ ತಂದರು, ರೋಗಿಗಳ ಬಟ್ಟೆಗಳನ್ನು ಒಗೆದರು, ಗುಟ್ಟಾಗಿ ಪ್ರಾರ್ಥನೆ ನಡೆಸಿದರು. 1951ರ ಮೇ 23ರಂದು ಅಲ್ಲಿಯೇ ತೀರಿಕೊಂಡರು. ಅವರಿಗೆ ಅದೇ ವರ್ಷ ಒಂದು ಪದಕವು ದೊರೆತಿತ್ತು. ಆದರೆ ಅವರು ಅತ್ಯುನ್ನತವಾದ ಮೆಡಲ್ ಆಫ್ ಆನರ್‌ಗೆ ಅರ್ಹರೆಂದು ಜೊತೆಗಿದ್ದ ಸೆರೆಯಾಳುಗಳು ಬಿಡುಗಡೆಯಾದ ಮೇಲೆ ದಶಕಗಳ ಕಾಲ ಹೇಳುತ್ತಲೇ ಬಂದರು. ಅವರಲ್ಲಿ ಕಥೋಲಿಕರಲ್ಲದವರೂ ಇದ್ದರು. 2013ರ ಏಪ್ರಿಲ್ 11ರಂದು ಆ ಪದಕವು ಮರಣೋತ್ತರವಾಗಿ ಅವರಿಗೆ ಸಂದಿತು. 2021ರಲ್ಲಿ ಅವರ ಅವಶೇಷಗಳನ್ನು ಗುರುತಿಸಲಾಯಿತು. 2025ರಲ್ಲಿ ಧರ್ಮಸಭೆಯು ಅವರನ್ನು ‘ಪೂಜ್ಯರು’ ಎಂದು ಘೋಷಿಸಿತು. ಕಪೌನ್ ಸ್ವಾಮಿಗಳಿಗೆ ಮಿತ್ರರ ಸಾಕ್ಷ್ಯವಿತ್ತು. ದೇವಯ್ಯನವರಿಗೆ ಶತ್ರುವಿನ ಸಾಕ್ಷ್ಯವು ಮಾತ್ರ ಒದಗಿತು. ಎರಡರಲ್ಲಿಯೂ ಕೇಳುತ್ತಲೇ ಇದ್ದವರು ಇಲ್ಲದಿದ್ದರೆ ದಾಖಲೆಯು ಮೊದಲಿನಂತೆಯೇ ಉಳಿಯುತ್ತಿತ್ತು.

ಕೆಲವೊಮ್ಮೆ ಒಬ್ಬರದಲ್ಲ, ಒಂದು ಸಮುದಾಯದ ದಾಖಲೆಯೇ ತಿದ್ದುಪಡಿಯನ್ನು ಬೇಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪುಜನಾಂಗದ ಅಮೆರಿಕನ್ ಯೋಧರಲ್ಲಿ ಒಬ್ಬರಿಗೂ ಮೆಡಲ್ ಆಫ್ ಆನರ್ ದೊರೆತಿರಲಿಲ್ಲ. ಅದಕ್ಕೆ ಕಾರಣ ಶೌರ್ಯದ ಕೊರತೆಯಲ್ಲ, ವರ್ಣಭೇದ. ಹಳೆಯ ಕಡತಗಳನ್ನು ಪುನಃ ಪರಿಶೀಲಿಸಿ 1997ರಲ್ಲಿ ಏಳು ಜನರಿಗೆ ಅದನ್ನು ನೀಡಿದರು. ಅಷ್ಟರಲ್ಲಿ ಜೀವಂತವಾಗಿ ಉಳಿದಿದ್ದವರು ಒಬ್ಬರೇ.

ಕಡತಗಳೇ ನಾಶವಾದರೆ ಮಾಡುವುದೇನು? ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರಲ್ಲಿ ಲಂಡನ್ ಮೇಲೆ ನಡೆದ ಬಾಂಬುದಾಳಿಯಲ್ಲಿ ಸುಟ್ಟುಹೋದವು. ಅಮೆರಿಕದ ಸೇಂಟ್ ಲೂಯಿಸ್ ನಗರದ ದಾಖಲೆ ಭಂಡಾರದಲ್ಲಿ 1973ರ ಜುಲೈ 12ರಂದು ಹೊತ್ತಿಕೊಂಡ ಬೆಂಕಿಯಲ್ಲಿ ಸುಮಾರು 1.6ರಿಂದ 1.8 ಕೋಟಿ ಕಡತಗಳು ಬೂದಿಯಾದವು. ಆಗ ಸಂಬಳದ ಪಟ್ಟಿ, ಆಸ್ಪತ್ರೆಯ ಪುಸ್ತಕ, ತಂಡದ ದಿನವರದಿ, ಮನೆಯಲ್ಲಿ ಉಳಿದಿದ್ದ ಕಾಗದ ಇವುಗಳಿಂದ ದಾಖಲೆಯನ್ನು ಮತ್ತೆ ಕಟ್ಟಬೇಕಾಯಿತು. ಸರ್ಕಾರದ ಭಂಡಾರವು ಕೈಕೊಟ್ಟಾಗ ಮನೆಯ ಪೆಟ್ಟಿಗೆಯೇ ಆಧಾರವಾಯಿತು.

ಈ ಮಾತು ನಮ್ಮ ಕುಟುಂಬಗಳಿಗೂ ಅನ್ವಯಿಸುತ್ತದೆ. ಬೆಂಗಳೂರು ಬಹುಕಾಲದಿಂದ ದಂಡಿನ ಊರು. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ಪಡೆಯ ಕೇಂದ್ರವೂ ಪಯೋನಿಯರ್ ಪಡೆಯ ಕೇಂದ್ರವೂ ಇಲ್ಲಿಯೇ ಇವೆ. ಮೂಡಲಪಾಳ್ಯದ ಸುತ್ತಿನ ಬಡಾವಣೆಗಳಲ್ಲಿ ವಾಸಿಸುವವರ ಹಿರಿಯರಲ್ಲಿ ಯಾರಾದರೂ ದಂಡಿನಲ್ಲಿದ್ದು ತೀರಿಕೊಂಡಿದ್ದರೆ, ಅವರ ಪದಕಗಳ ವಿಷಯವನ್ನು ವಿಚಾರಿಸುವುದು ಕಷ್ಟವಲ್ಲ. ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಮಹಾವೀರ ಚಕ್ರದಂತಹ ಶೌರ್ಯಪದಕಕ್ಕೆ ಸಾಕ್ಷ್ಯ ಮತ್ತು ಶಿಫಾರಸು ಬೇಕು. ಎರಡನೆಯ ಮಹಾಯುದ್ಧದ ಬರ್ಮಾ ಸ್ಟಾರ್, 1965ರ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್ ಮೊದಲಾದವು ಹಾಗಲ್ಲ. ನಿಗದಿಯಾದ ಅವಧಿಯಲ್ಲಿ, ನಿಗದಿಯಾದ ಬಗೆಯ ಸೇವೆಯಲ್ಲಿ ಇದ್ದರೆಂಬುದು ದಾಖಲೆಯಿಂದ ಸಿದ್ಧವಾದರೆ ಸಾಕು. ಅವು ಯಾರ ಕೃಪೆಯಿಂದಲೂ ಬರತಕ್ಕವಲ್ಲ, ಸಂಪಾದಿಸಿದವು.

ಸೈನಿಕನ ನಂಬರು, ಹುದ್ದೆ, ಹೆಸರು, ಸೇವೆ ಸಲ್ಲಿಸಿದ ತಂಡ ಇಷ್ಟನ್ನು ಬರೆದು, ಡಿಸ್ಚಾರ್ಜ್ ಪುಸ್ತಕದ ಹಾಗೂ ಪಿಂಚಣಿ ಆದೇಶದ ಪ್ರತಿಗಳನ್ನು ಜೊತೆಗಿಟ್ಟು, ಆತನ ಪಡೆಯ ದಾಖಲಾ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಯಾವ ಕಚೇರಿಯೆಂದು ತಿಳಿಯದವರಿಗೆ ಸೈನಿಕ ಕಲ್ಯಾಣ ಇಲಾಖೆಯವರು ದಾರಿ ತೋರಿಸುತ್ತಾರೆ. ಹೆಸರಿನ ಕಾಗುಣಿತವು ಒಂದು ಕಾಗದದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ಇರುವುದುಂಟು. ಜ್ಞಾನಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆದ ಹೆಸರು ಮತ್ತೊಂದು ಆಗಿರುವ ನಮ್ಮವರಲ್ಲಿ ಇದು ಇನ್ನೂ ಹೆಚ್ಚು. ಅಂತಹ ವೇಳೆಯಲ್ಲಿ ಧರ್ಮಕೇಂದ್ರದ ಜ್ಞಾನಸ್ನಾನ ಮತ್ತು ವಿವಾಹದ ಪುಸ್ತಕಗಳ ನಕಲು ನೆರವಾದೀತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸಂಪಾದಿಸದ ಪದಕವನ್ನು ಬಯಸುವುದು, ಸಂಪಾದಿಸಿದುದನ್ನು ಕೊಡದಿರುವಷ್ಟೇ ದೊಡ್ಡ ಅನ್ಯಾಯ. ಅದು ನಿಜವಾಗಿ ಗೆದ್ದವರ ಪಾಲನ್ನು ಕಳೆಯುತ್ತದೆ. ಆದಕಾರಣ ಕಚೇರಿಯವರು ಆಧಾರವನ್ನು ಕೇಳಿದರೆ ಬೇಸರಪಡಬಾರದು. ದೇವಯ್ಯನವರ ಪದಕಕ್ಕೆ ಇಂದು ಯಾರೂ ಆಕ್ಷೇಪವೆತ್ತಲಾರದಿರುವುದಕ್ಕೆ ಕಾರಣ, ಅದು ಎದುರಾಳಿಯ ಕಡೆಯಿಂದ ಬಂದ ಪುರಾವೆಯ ಮೇಲೆ ನಿಂತಿರುವುದೇ ಆಗಿದೆ.

ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ನಾವು ಸಮಾಧಿಗಳನ್ನು ಶುಚಿಗೊಳಿಸಿ, ಮೇಣದ ಬತ್ತಿಗಳನ್ನು ಹಚ್ಚಿ, ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. ಅಂದು ಮನೆಯ ಹಿರಿಯರ ಹಳೆಯ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡೋಣ. ಮಾಸಿದ ಸೇವಾ ಪುಸ್ತಕವೋ ಹೆಸರು ಕೊರೆದ ಪದಕವೋ ಇದ್ದರೆ ಅದನ್ನು ಜೋಪಾನ ಮಾಡಿ, ಅದರ ಕಥೆಯನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡೋಣ. ದಾಖಲೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅರ್ಜಿ ಬರೆಯೋಣ. ಉತ್ತರವು ತಡವಾಗಿ ಬಂದರೂ ಬರಲಿ. ಗತಿಸಿದವರ ಋಣವನ್ನು ತೀರಿಸುವ ಬಗೆಗಳಲ್ಲಿ ಇದೂ ಒಂದು.