ಅಳತೆಗೆ ಸಿಗದ ಜಂಬೊ

ದೊಡ್ಡದು ಎನ್ನಲು ಇಂಗ್ಲಿಷಿನಲ್ಲಿ ಪದಗಳಿಗೇನೂ ಬರವಿಲ್ಲ. ಆದರೆ ಮಾಲೀಕ, ಮಾವುತ, ಮಾರಾಟದ ಬೆಲೆ, ಸತ್ತ ತಾರೀಖು ಎಲ್ಲವನ್ನೂ ಹೊಂದಿರುವ ಪದ ಬಹುಶಃ ‘ಜಂಬೊ’ ಒಂದೇ.

ಜಂಬೊ ಎಂಬ ಆನೆಗಿಂತ ಮೊದಲೇ ಆ ಪದವೇನೋ ಇತ್ತು. 1823ರಷ್ಟು ಹಿಂದೆಯೇ ಲಂಡನ್ನಿನ ಆಡುಮಾತಿನಲ್ಲಿ, ಒಡ್ಡೊಡ್ಡಾಗಿ ನಡೆಯುವ ದಡೂತಿ ಆಸಾಮಿಯನ್ನು ಹಾಗೆ ಕರೆಯುತ್ತಿದ್ದರು. ಅದರ ಬೇರು ಹುಡುಕಿದವರು ಕಾಂಗೋ ಭಾಷೆಯಲ್ಲಿ ಆನೆಗಿರುವ ‘ನ್ಜಂಬ’ದತ್ತ ಬೆರಳು ತೋರಿಸುತ್ತಾರೆ, ಸ್ವಾಹಿಲಿಯಲ್ಲಿ ಮುಖಂಡನಿಗಿರುವ ‘ಜುಂಬೆ’ಯನ್ನು ನೆನೆಯುವವರೂ ಇದ್ದಾರೆ. ಆಗ ಅದು ಬರೀ ಬೈಗುಳ. ಅದನ್ನು ಹೊಗಳಿಕೆಯಾಗಿಸಿದ್ದು ಆಫ್ರಿಕಾದಲ್ಲಿ ಮರಿಯಾಗಿದ್ದಾಗಲೇ ಸೆರೆಸಿಕ್ಕು, ಪ್ಯಾರಿಸ್ಸಿನ ಮೂಲಕ 1865ರಲ್ಲಿ ಲಂಡನ್ ಮೃಗಾಲಯ ಸೇರಿದ ಗಂಡಾನೆ.

ಮಾವುತ ಮ್ಯಾಥ್ಯೂ ಸ್ಕಾಟ್ ಸಾಕಿದ ಈ ಜಂಬೊನ ಬೆನ್ನೇರಿ ಲಂಡನ್ನಿನ ಮಕ್ಕಳ ಒಂದು ತಲೆಮಾರೇ ಸವಾರಿ ಮಾಡಿತು. ಬೆಳೆದಂತೆ ಆನೆ ರೇಗತೊಡಗಿತು. ಅನಾಹುತಕ್ಕೆ ಹೆದರಿದ ಮೃಗಾಲಯ 1882ರಲ್ಲಿ ಅದನ್ನು ಅಮೆರಿಕದ ಸರ್ಕಸ್ ಧಣಿ ಪಿ.ಟಿ. ಬಾರ್ನಮ್‌ಗೆ 2,000 ಪೌಂಡಿಗೆ ಮಾರಿತು. ಊರು ರಂಪವಾಯಿತು. ಕಳಿಸಬೇಡಿರೆಂದು ಶಾಲಾಮಕ್ಕಳು ವಿಕ್ಟೋರಿಯಾ ರಾಣಿಗೆ ಪತ್ರ ಬರೆದರು. ಬಾರ್ನಮ್‌ಗೆ ಇದು ಬಿಟ್ಟಿ ಪ್ರಚಾರ.

ಅವನ ನಿಜವಾದ ಕೈಚಳಕ ಇರುವುದು ಮುಂದೆ. ತಜ್ಞರ ಅಂದಾಜಿನಲ್ಲಿ ಆನೆಯ ಎತ್ತರ ಸುಮಾರು 3.2 ಮೀಟರ್. ಬಾರ್ನಮ್ ಸಾರಿದ್ದು 4 ಮೀಟರ್. 1885ರ ಸೆಪ್ಟೆಂಬರ್ 15ರಂದು ಕೆನಡಾದ ಸೇಂಟ್ ಥಾಮಸ್‌ನಲ್ಲಿ ರೈಲು ಬಡಿದು ಜಂಬೊ ಸತ್ತಿತು. ಆಗಲೂ ಬಾರ್ನಮ್ ಸುಮ್ಮನಾಗಲಿಲ್ಲ: ಚರ್ಮ ತುಂಬಿಸಿದ ಬೊಂಬೆ ಒಂದು, ಅಸ್ಥಿಪಂಜರ ಒಂದು, ಹೀಗೆ ಒಂದಾನೆಯನ್ನು ಎರಡಾಗಿಸಿ ಊರೂರು ತಿರುಗಿಸಿದ. ಕೊನೆಗೆ ಬೊಂಬೆ ಟಫ್ಟ್ಸ್ ವಿಶ್ವವಿದ್ಯಾಲಯ ಸೇರಿ 1975ರ ಬೆಂಕಿಯಲ್ಲಿ ಸುಟ್ಟುಹೋಯಿತು. ಮೂಳೆಗಳು ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಉಳಿದವು.

ಪದಕ್ಕೆ ಅಂಟಿದ್ದು ಆನೆಯ ಗಾತ್ರವಲ್ಲ, ಬಾರ್ನಮ್‌ನ ಗುಣ. ‘ಜಂಬೊ ಪ್ಯಾಕ್’ ಎಂದರೆ ಎಷ್ಟು ಗ್ರಾಂ? ಯಾರೂ ಹೇಳಲಾರರು. ಲೀಟರಿಗೆ, ಕಿಲೋಗೆ ಲೆಕ್ಕವಿದೆ, ಜಂಬೊಗೆ ಇಲ್ಲ. ಕೊಳ್ಳುವವನು ಅಳೆಯದೆ ನಂಬಲಿ ಎಂದೇ ಅದನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ.

ನಮ್ಮ ಮೈಸೂರಿನ ರೀತಿ ಇದಕ್ಕೆ ತದ್ವಿರುದ್ಧ. ದಸರೆಗೆ ಬಂದ ಆನೆಗಳನ್ನು ಸಾಲಾಗಿ ವೇ ಬ್ರಿಡ್ಜ್ ಹತ್ತಿಸುತ್ತಾರೆ. ಯಾವುದು ಎಷ್ಟು ಕೆ.ಜಿ., ತಾಲೀಮಿನ ದಿನಗಳಲ್ಲಿ ಎಷ್ಟು ಏರಿತು ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಜಂಬೂ ಸವಾರಿಯ ಅಂಬಾರಿಗೂ 750 ಕೆ.ಜಿ. ಎಂಬ ಲೆಕ್ಕವಿದೆ. ಹೊರುವ ಆನೆಯ ಬೆನ್ನಿಗೆ ಜಾಹೀರಾತು ಸಾಲದು, ಅಂಕಿಯೇ ಬೇಕು.

ಇಪ್ಪತ್ತನೇ ಶತಮಾನದಲ್ಲಿ ಪದಕ್ಕೆ ರೆಕ್ಕೆ ಬಂತು. 1969ರ ಫೆಬ್ರುವರಿ 9ರಂದು ಮೊದಲ ಬಾರಿ ಹಾರಿದ ಬೋಯಿಂಗ್ 747 ಲೋಕದ ಬಾಯಲ್ಲಿ ಜಂಬೊ ಜೆಟ್ ಆಯಿತು. 1971ರಲ್ಲಿ ಏರ್ ಇಂಡಿಯಾಗೆ ಬಂದ ಮೊದಲನೆಯದಕ್ಕೆ ‘ಎಂಪರರ್ ಅಶೋಕ’ ಎಂದು ಹೆಸರಿಟ್ಟರು. ಆ ಜೆಟ್ಟಿನಿಂದಲೇ ಪದ ಬೆಂಗಳೂರಿನ ಹುಡುಗನೊಬ್ಬನ ಮೇಲೂ ಇಳಿಯಿತು. ಪಿಚ್ಚಿಗೆ ಬಿದ್ದು ಗಕ್ಕನೆ ಪುಟಿದ ಅನಿಲ್ ಕುಂಬ್ಳೆಯವರ ಎಸೆತ ಕಂಡು ನವಜೋತ್ ಸಿಂಗ್ ಸಿಧು ‘ಜಂಬೊ ಜೆಟ್’ ಎಂದು ಕೂಗಿದರಂತೆ. ಜೆಟ್ ಉದುರಿ ಜಂಬೊ ಉಳಿಯಿತು. ಉಬ್ಬಿಸಿ ಹೇಳುವ ಅಗತ್ಯವೇ ಇಲ್ಲದ ಜಂಬೊ ಇವರು: 619 ಟೆಸ್ಟ್ ವಿಕೆಟ್.

ಕನ್ನಡ ಪತ್ರಿಕೆಗಳಲ್ಲಿ ಪದ ಹೆಚ್ಚು ಮೆರೆದದ್ದು ‘ಜಂಬೊ ಸಂಪುಟ’ದಲ್ಲಿ. ಇಲ್ಲಿ ಅದು ಮತ್ತೆ ಲಂಡನ್ನಿನ ಹಳೆಯ ಬೈಗುಳವೇ. ಈ ಒಂದು ಜಂಬೊವನ್ನು ಮಾತ್ರ ಸಂವಿಧಾನ ಅಳೆಯಹೊರಟಿತು. 2003ರ 91ನೇ ತಿದ್ದುಪಡಿಯಂತೆ ಮುಖ್ಯಮಂತ್ರಿಯೂ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಶೇ 15ನ್ನು ಮೀರುವಂತಿಲ್ಲ. 224 ಸದಸ್ಯರ ನಮ್ಮ ಸಭೆಗೆ ಅದು 34. ಅಲ್ಲಿ ಜಾಗ ಸಿಗದವರನ್ನು ನಿಗಮ, ಮಂಡಳಿಗಳ ಕುರ್ಚಿಗಳಲ್ಲಿ ಕೂರಿಸಿ, ಕೆಲವರಿಗೆ ಸಂಪುಟ ದರ್ಜೆಯನ್ನೂ ಕೊಡುವ ರೂಢಿ ಎಲ್ಲ ಪಕ್ಷಗಳಲ್ಲೂ ಇದೆ. ಅವರನ್ನೆಲ್ಲ ಒಟ್ಟಿಗೆ ಹತ್ತಿಸಿ ತೂಗುವ ವೇ ಬ್ರಿಡ್ಜ್ ಮಾತ್ರ ವಿಧಾನಸೌಧದ ಆವರಣದಲ್ಲಿ ಇನ್ನೂ ಬಂದಿಲ್ಲ.