ಫಿರಂಗರೋಗವೆಂಬ ಹೆಸರು

ಕ್ರಿ. ಶ. 16ನೆಯ ಶತಮಾನದಲ್ಲಿ ರಚಿತವಾದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ‘ಫಿರಂಗ’ವೆಂಬ ರೋಗಕ್ಕೆ ಪ್ರತ್ಯೇಕವಾದ ಪ್ರಕರಣವೊಂದಿರುವುದು. ಚರಕ ಸುಶ್ರುತ ವಾಗ್ಭಟರಲ್ಲಿ ಈ ಹೆಸರು ಕಾಣದು. ಸುಶ್ರುತನು ಹೇಳುವ ಉಪದಂಶವೇ ಇದೆಂದು ವಾದಿಸಿದವರುಂಟು; ಸಿಫಿಲಿಸ್ ಎಂಬುದಕ್ಕೆ ಉಪದಂಶವೆಂದೇ ಅರ್ಥಕೊಡುವ ವಾಡಿಕೆಯೂ ಬೆಳೆದುಬಂದಿದೆ. ಈ ಸಮೀಕರಣವು ನಿಲ್ಲಲಾರದು. ಉಪದಂಶವು ಗುಹ್ಯಸ್ಥಾನದ ವ್ರಣ. ಭಾವಮಿಶ್ರನು ಅದನ್ನು ಬೇರೆಯಾಗಿ ವಿವರಿಸಿ, ಫಿರಂಗವನ್ನು ಬೇರೆಯಾಗಿಯೇ ಎತ್ತಿಕೊಳ್ಳುತ್ತಾನೆ. ಎರಡೂ ಒಂದೇ ಆಗಿದ್ದ ಪಕ್ಷದಲ್ಲಿ ಅವನಿಗೆ ಎರಡು ಪ್ರಕರಣಗಳ ಆವಶ್ಯಕತೆಯೇನಿತ್ತು?

ಫಿರಂಗದೇಶದಲ್ಲಿ ಹೆಚ್ಚಾಗಿರುವುದರಿಂದ ಈ ಹೆಸರು ಬಂದಿತೆಂದೂ, ಆ ದೇಶದವರ ಅಂಗಸಂಸರ್ಗದಿಂದಲೂ ಸ್ತ್ರೀಸಂಗದಿಂದಲೂ ಹುಟ್ಟುವ ಇದು ಆಗಂತುಕವ್ಯಾಧಿಯೆಂದೂ ಅವನ ಮತ. ಬಾಹ್ಯ, ಆಭ್ಯಂತರ, ಉಭಯ ಎಂದು ಮೂರು ಭೇದಗಳು. ಹೊರಗಿನದು ಸುಖಸಾಧ್ಯ; ಸಂಧಿಗಳನ್ನು ಸೇರಿದುದು ಕಷ್ಟಸಾಧ್ಯ. ಕೃಶತೆ, ಬಲಕ್ಷಯ, ಮೂಗು ಕುಸಿಯುವುದು, ಅಗ್ನಿಮಾಂದ್ಯ, ಎಲುಬು ಒಣಗಿ ಸೊಟ್ಟಗಾಗುವುದು ಇದರ ಉಪದ್ರವಗಳು. ರೋಗಿಗಳನ್ನು ಕಣ್ಣಾರೆ ಕಂಡವನ ವರ್ಣನೆಯಿದು. ಚಿಕಿತ್ಸೆಗೆ ಪಾದರಸಜನ್ಯವಾದ ರಸಕರ್ಪೂರ. ಅದು ಹಲ್ಲಿಗೆ ತಾಗದಂತೆ ಗೋಧಿಹಿಟ್ಟಿನ ಗುಳಿಗೆಯೊಳಗಿಟ್ಟು ನುಂಗಿಸಬೇಕೆಂಬ ಎಚ್ಚರಿಕೆಯೂ ಉಂಟು. ಮತ್ತೊಂದು ಔಷಧ ಚೋಪಚೀನಿ.

ಈ ಚೋಪಚೀನಿಗೆ ಕನ್ನಡದಲ್ಲಿ ಪರಂಗಿಚಕ್ಕೆಯೆಂದು ಹೆಸರು. ರೋಗಕ್ಕೆ ಪರಂಗಿಹುಣ್ಣು, ಮದ್ದಿಗೆ ಪರಂಗಿಚಕ್ಕೆ! ಬೇರು ಚೀನದ್ದು. ಗೋವೆಯಲ್ಲಿದ್ದ ಪೋರ್ತುಗೀಜ ವೈದ್ಯ ಗಾರ್ಸಿಯ ದ ಓರ್ತನು 1563ರಲ್ಲಿ ಅಲ್ಲಿಯೇ ಅಚ್ಚುಹಾಕಿಸಿದ ಗ್ರಂಥದಲ್ಲಿ ಇದನ್ನು ಈ ರೋಗದ ಮದ್ದೆಂದು ಚರ್ಚಿಸಿದ್ದಾನೆ. ಪರಂಗಿಹಣ್ಣಿನ ಮೂಲವಾದರೋ ಅಮೆರಿಕ. ಆದುದರಿಂದ ‘ಪರಂಗಿ’ ಶಬ್ದವು ವಸ್ತುವಿನ ಹುಟ್ಟೂರನ್ನು ಹೇಳುವುದಿಲ್ಲ, ಯಾರ ಕೈಯಿಂದ ಬಂದಿತೆಂಬುದನ್ನು ಹೇಳುತ್ತದೆ. ರೋಗದ ಹೆಸರಿಗೂ ಇಷ್ಟೇ ಸಾಕ್ಷ್ಯಬಲವನ್ನು ಕೊಡತಕ್ಕದ್ದು.

ಯೂರೋಪಿನಲ್ಲಿ ಈ ವ್ಯಾಧಿ ಹಬ್ಬಿದುದು 1495ರಲ್ಲಿ, ಫ್ರಾನ್ಸಿನ ಎಂಟನೆಯ ಚಾರ್ಲ್ಸನ ಸೈನ್ಯವು ನೇಪಲ್ಸನ್ನು ಹಿಡಿದಾಗ. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. 1530ರಲ್ಲಿ ಫ್ರಕಾಸ್ತೋರೊ ಎಂಬ ವೆರೋನದ ವೈದ್ಯಕವಿಯು ತನ್ನ ಲ್ಯಾಟಿನ್ ಕಾವ್ಯದ ಕುರುಬನೊಬ್ಬನಿಗೆ ಇಟ್ಟ ಹೆಸರಿನಿಂದ ‘ಸಿಫಿಲಿಸ್’ ಹುಟ್ಟಿತು. ಯಾವ ಜನಾಂಗವನ್ನೂ ನಿಂದಿಸದ ಹೆಸರು ಇದೊಂದೇ ಎನ್ನಬಹುದು, ಕಾವ್ಯದ ಶಿರೋನಾಮೆಯಲ್ಲಿ ಫ್ರೆಂಚರ ಹೆಸರೂ ಸೇರಿದ್ದರೂ ಸಹ. ಮೂಲವು ಅಮೆರಿಕವೋ ಅಲ್ಲವೋ ಎಂಬ ವಿವಾದ ದೀರ್ಘವಾದುದು. ಪ್ರಾಚೀನ ಅಸ್ಥಿಗಳಿಂದ ತೆಗೆದ ರೋಗಾಣುಗಳ ಪರೀಕ್ಷೆಯೊಂದು 2024ರಲ್ಲಿ ಪ್ರಕಟವಾಗಿ ಅಮೆರಿಕಪಕ್ಷಕ್ಕೆ ಬಲಕೊಟ್ಟಿದೆ.

ಪರರ ಮೇಲೆ ಹೊರಿಸುವ ಈ ಚಾಳಿಯು ಹೆಸರಿನಲ್ಲಿಯೇ ಮುಗಿಯಲಿಲ್ಲ. ಬ್ರಿಟಿಷ್ ಸರಕಾರವು ತನ್ನ ಸೈನಿಕರ ರಕ್ಷಣೆಗಾಗಿ 1868ರಲ್ಲಿ ಇಂಡಿಯದಲ್ಲಿ ಸಾಂಕ್ರಾಮಿಕರೋಗಗಳ ಕಾಯಿದೆಯನ್ನು ತಂದು, ವೇಶ್ಯೆಯರು ಹೆಸರು ದಾಖಲಿಸಿ ದೇಹಪರೀಕ್ಷೆಗೆ ಒಳಗಾಗಬೇಕೆಂದು ವಿಧಿಸಿತು. ರೋಗವುಳ್ಳವರನ್ನು ‘ಲಾಕ್’ ಆಸ್ಪತ್ರೆಗಳಲ್ಲಿ ಇರಿಸಲಾಗುತ್ತಿತ್ತು. ಸಂಗಕ್ಕೆ ಇಬ್ಬರು ಬೇಕು, ಕಾಯಿದೆಯ ಕೈಗೆ ಸಿಕ್ಕವಳು ಒಬ್ಬಳೇ. ಭಾವಮಿಶ್ರನು ಫಿರಂಗರಿಂದ ಬಂದಿತೆಂದು ಬರೆದ ರೋಗಕ್ಕೆ ಮುನ್ನೂರು ವರ್ಷಗಳ ತರುವಾಯ ಈ ದೇಶದ ಹೆಂಗಸರೇ ಆಕರವೆಂದು ಎಣಿಸಲ್ಪಟ್ಟರು. 1888ರಲ್ಲಿ ಕಾಯಿದೆಯು ರದ್ದಾಯಿತು. ರೋಗಾಣುವನ್ನು ಷೌಡಿನ್, ಹೋಫ್ಮನ್ ಎಂಬ ಜರ್ಮನ್ ಪಂಡಿತರು ಕಂಡುಹಿಡಿದುದು 1905ರಲ್ಲಿ. ಪೆನಿಸಿಲಿನ್ನಿನಿಂದ ಗುಣವಾಗುವುದೆಂದು ತಿಳಿದುದು 1943ರಲ್ಲಿ.